ಶಾಲೆಯಿಂದ ಆಸ್ಪತ್ರೆಗೆ ಎಷ್ಟು ದೂರ?

ಬೆಂಗಳೂರಿನ ದಕ್ಷಿಣ ಭಾಗದ ಜನರಿಗೆ 2025ರ ಆಗಸ್ಟ್ ತಿಂಗಳಿನಿಂದ ಒಂದು ಹೊಸ ಅನುಕೂಲ ಒದಗಿದೆ. ಆರ್.ವಿ. ರಸ್ತೆಯಲ್ಲಿ ಮೆಟ್ರೋ ರೈಲಿನ ಹಳದಿ ಮಾರ್ಗದ ಗಾಡಿಯನ್ನು ಹತ್ತಿದರೆ ಮೊದಲು ರಾಗಿಗುಡ್ಡ, ಅದರ ಮುಂದಿನದೇ ಜಯದೇವ ಆಸ್ಪತ್ರೆ, ಅದಾದಮೇಲೆ ಬಿ.ಟಿ.ಎಂ. ಬಡಾವಣೆ. ಬೆನ್ನಿಗೆ ಪುಸ್ತಕದ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರು ಬೆಳಗಿನ ಹೊತ್ತು ಆ ಆಸ್ಪತ್ರೆಯ ಮಗ್ಗುಲಲ್ಲಿಯೇ ಹಾದುಹೋಗುತ್ತಾರೆ. ನಿಲ್ದಾಣದ ಹೆಸರು ಅವರ ಕಿವಿಗೆ ಬೀಳುತ್ತದೆ. ಆದರೆ ಆ ಕಟ್ಟಡದೊಳಗೆ ನಿತ್ಯವೂ ನಡೆಯತಕ್ಕ ಕೆಲಸಗಳೇನು, ಅವನ್ನು ಮಾಡುವವರು ಯಾರು ಯಾರು ಎಂದು ಪ್ರಶ್ನಿಸಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ಡಾಕ್ಟರು, ನರ್ಸು.’

ಇದು ಮಕ್ಕಳ ತಪ್ಪಲ್ಲ. ಮನೆಯಲ್ಲಿ ಹಿರಿಯರು ಕಲಿಸಿದ್ದೂ ಇಷ್ಟೆ. ಬನಶಂಕರಿಯಲ್ಲಾಗಲಿ ಜೆ.ಪಿ. ನಗರದಲ್ಲಾಗಲಿ ಹತ್ತನೆಯ ತರಗತಿಯ ಮಗಳಿರುವ ಯಾವುದಾದರೊಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ರಾತ್ರಿ ಊಟಕ್ಕೆ ಕುಳಿತಾಗ ಮಗಳು, ‘ಅಪ್ಪಾ, ನನಗೆ ಆಸ್ಪತ್ರೆಯ ಕೆಲಸ ಇಷ್ಟ’ ಎನ್ನುತ್ತಾಳೆ. ತಂದೆಯ ಮುಖ ಅರಳುತ್ತದೆ. ‘ಹಾಗಾದರೆ ನಾಳೆಯೇ ನೀಟ್ ತರಬೇತಿಗೆ ಹೆಸರು ಕೊಟ್ಟುಬಿಡೋಣಮ್ಮ’ ಎನ್ನುತ್ತಾನೆ. ಸಾರು ಬಡಿಸುತ್ತಿದ್ದ ಅಜ್ಜಿ, ‘ನಮ್ಮ ಮನೆಗೂ ಒಬ್ಬ ಡಾಕ್ಟರು ಬಂದಳು’ ಎಂದು ಹರಸುತ್ತಾಳೆ. ಆಸ್ಪತ್ರೆಯ ಕೆಲಸ ಎಂದರೆ ಯಾವ ಕೆಲಸ ಎಂದು ಆ ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಅವಳಿಗೂ ಗೊತ್ತಿಲ್ಲ.

ಲೆಕ್ಕವನ್ನು ನೋಡಿದರೆ ಈ ಆತುರದ ಅಪಾಯ ತಿಳಿದೀತು. 2024ರಲ್ಲಿ ನೀಟ್ ಪರೀಕ್ಷೆಗೆ ಹೆಸರು ನೋಂದಾಯಿಸಿದವರು 24 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು 1 ಲಕ್ಷಕ್ಕೆ ತುಸು ಮೇಲೆ. ಇಪ್ಪತ್ತು ಮಂದಿಗೂ ಹೆಚ್ಚು ಜನ ಓಡಿದರೆ ಒಬ್ಬರಿಗೆ ಗುರಿ ಸಿಕ್ಕುವ ಪಂದ್ಯ ಇದು. ಉಳಿದವರಲ್ಲಿ ಎಷ್ಟೋ ಮಂದಿ ಎರಡನೆಯ ಸಲ, ಮೂರನೆಯ ಸಲ ಓಡುತ್ತಾರೆ. ತಾಯಿಯ ಒಡವೆ ಬ್ಯಾಂಕನ್ನು ಸೇರುತ್ತದೆ. ಮನೆಯಲ್ಲಿ ನಗು ಕಡಿಮೆಯಾಗುತ್ತದೆ. ಕೊನೆಗೆ ‘ನಾನು ಯಾತಕ್ಕೂ ಬಾರದವಳು’ ಎಂಬ ತೀರ್ಮಾನಕ್ಕೆ ಮಗು ಬಂದರೆ ಆ ನಷ್ಟವನ್ನು ಯಾವ ಅಂಕಪಟ್ಟಿಯೂ ತುಂಬಿಕೊಡಲಾರದು. ರೋಗಿಗಳ ಸೇವೆಗೆ ನಿಜವಾಗಿ ಒಲಿದ ಮನಸ್ಸೊಂದು ಇದ್ದ ಒಂದೇ ಬಾಗಿಲು ಮುಚ್ಚಿತೆಂದು ತಿಳಿದು ಹಿಂತಿರುಗುತ್ತದೆ. ಪಕ್ಕದಲ್ಲಿಯೇ ಹತ್ತಾರು ಬಾಗಿಲುಗಳು ತೆರೆದಿದ್ದುದನ್ನು ಅದಕ್ಕೆ ತೋರಿಸಿದವರಿರಲಿಲ್ಲ.

ಆ ಬಾಗಿಲುಗಳು ಯಾವುವು? ಹೃದ್ರೋಗದ ಆಸ್ಪತ್ರೆಯನ್ನೇ ತೆಗೆದುಕೊಳ್ಳಬಹುದು. ಹೃದಯವನ್ನು ತೆರೆದು ಮಾಡುವ ಎಷ್ಟೋ ಶಸ್ತ್ರಕ್ರಿಯೆಗಳಲ್ಲಿ ಅದರ ಬಡಿತವನ್ನು ಕೆಲವು ಹೊತ್ತು ನಿಲ್ಲಿಸಬೇಕಾಗುತ್ತದೆ. ಆಗ ರೋಗಿಯ ರಕ್ತವನ್ನು ಹೊರಕ್ಕೆ ತಂದು, ಅದಕ್ಕೆ ಆಮ್ಲಜನಕವನ್ನು ಕೂಡಿಸಿ, ಮರಳಿ ದೇಹಕ್ಕೆ ಹರಿಸುವುದು ಒಂದು ಯಂತ್ರ. ಆ ಯಂತ್ರದ ಮುಂದೆ ಎವೆಯಿಕ್ಕದೆ ಕುಳಿತು ರೋಗಿಯ ಉಸಿರನ್ನು ಕಾಯುವವರಿಗೆ ಪರ್ಫ್ಯೂಷನ್ ತಂತ್ರಜ್ಞರೆಂದು ಹೆಸರು. ಶಸ್ತ್ರವೈದ್ಯರ ಹೆಸರು ಮನೆಮನೆಯಲ್ಲಿ ಕೇಳಿಬರುತ್ತದೆ. ಈ ಕೆಲಸದ ಹೆಸರೇ ಅನೇಕರಿಗೆ ತಿಳಿಯದು.

1973ರಲ್ಲಿ ಪ್ರಾರಂಭವಾದ ಕಿದ್ವಾಯಿ ಸಂಸ್ಥೆಯಂತಹ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣದ ಕಿರಣ ಎಷ್ಟು ಪ್ರಮಾಣದಲ್ಲಿ, ಯಾವ ದಿಕ್ಕಿನಿಂದ ಗೆಡ್ಡೆಗೆ ತಾಗಬೇಕೆಂಬುದನ್ನು ಲೆಕ್ಕಹಾಕಲು ನೆರವಾಗುವವರು ಭೌತಶಾಸ್ತ್ರವನ್ನು ಓದಿದವರು. ಆ ಲೆಕ್ಕದಂತೆ ರೋಗಿಯನ್ನು ಯಂತ್ರದ ಕೆಳಗೆ ಸರಿಯಾಗಿ ಮಲಗಿಸಿ ಚಿಕಿತ್ಸೆ ನಡೆಸುವವರು ರೇಡಿಯೋಥೆರಪಿ ತಂತ್ರಜ್ಞರು. ನಿಮ್ಹಾನ್ಸ್ ಸಂಸ್ಥೆಯ ಮಾತಂತೂ ಇನ್ನೂ ವಿಶೇಷ. ಅದರ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿದ್ದು 1954ರಲ್ಲಿ. ಮನೋರೋಗಿಗಳ ಶುಶ್ರೂಷೆಯನ್ನು ಪ್ರತ್ಯೇಕ ವಿದ್ಯೆಯೆಂದು ಎಣಿಸಿ ಅಲ್ಲಿ ಆ ದಶಕದಲ್ಲಿಯೇ ದಾದಿಯರಿಗೆ ಡಿಪ್ಲೊಮಾ ಶಿಕ್ಷಣವನ್ನು ಏರ್ಪಡಿಸಲಾಗಿತ್ತು. ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು, ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸುವ ತಂತ್ರಜ್ಞರು, ಇವರೆಲ್ಲ ಸೇರಿದರೇ ಅಲ್ಲಿನ ಚಿಕಿತ್ಸೆ ಪೂರ್ಣವಾಗುವುದು. ಮೂಳೆ ಮುರಿದವನನ್ನು ಮತ್ತೆ ನಡೆಸುವ ಫಿಸಿಯೋಥೆರಪಿಸ್ಟರು, ಎಳೆಯ ರೋಗಿಯ ಪಥ್ಯವನ್ನು ಗೊತ್ತುಮಾಡುವ ಆಹಾರತಜ್ಞರು, ರಕ್ತವನ್ನು ಪರೀಕ್ಷಿಸುವ ಪ್ರಯೋಗಾಲಯದವರು ಎಂದು ಹೇಳುತ್ತ ಹೋದರೆ ಪಟ್ಟಿ ಬಲು ಉದ್ದ.

ಈ ವೃತ್ತಿಗಳಿಗೆ ಕಾನೂನಿನ ಮನ್ನಣೆಯೂ ದೊರೆತಿದೆ. 2021ರಲ್ಲಿ ಸಂಸತ್ತು ಸಂಬಂಧಿತ ಆರೋಗ್ಯ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಅಧಿನಿಯಮವನ್ನು ಅಂಗೀಕರಿಸಿತು. ಅದರ ಅನುಸೂಚಿಯಲ್ಲಿ ಹತ್ತು ವರ್ಗಗಳಿದ್ದು, ಐವತ್ತಕ್ಕೂ ಹೆಚ್ಚು ವೃತ್ತಿಗಳ ಹೆಸರುಗಳಿವೆ. ಸಂಬಂಧಿತ ಆರೋಗ್ಯ ವೃತ್ತಿಯವರಿಗೆ ಕನಿಷ್ಠ 2,000 ಗಂಟೆಗಳ ಅಭ್ಯಾಸವನ್ನೂ, ಆರೋಗ್ಯ ಸೇವಾ ವೃತ್ತಿಯವರಿಗೆ ಕನಿಷ್ಠ 3,600 ಗಂಟೆಗಳ ಅಭ್ಯಾಸವನ್ನೂ ಅದು ಗೊತ್ತುಮಾಡಿದೆ. ಶುಶ್ರೂಷೆಗೆ ಬೇರೆಯೇ ಅಧಿನಿಯಮ 2023ರಲ್ಲಿ ಬಂದಿದೆ. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷದ ವ್ಯಾಸಂಗ. ಇಂತಹ ಪದವಿಗಳಿಗೆ ಮುದ್ರೆ ಒತ್ತುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಸ್ಥಾಪನೆಯಾಯಿತು. ಅದರ ಕಚೇರಿ ಇರುವುದೂ ಜಯನಗರದ ನಾಲ್ಕನೆಯ ‘ಟಿ’ ಬ್ಲಾಕಿನಲ್ಲಿಯೇ. ಅದರ ಮುಂದೆ ತರಕಾರಿ ಚೀಲ ಹಿಡಿದು ಓಡಾಡುವ ಎಷ್ಟು ಮಂದಿ ಗೃಹಸ್ಥರಿಗೆ ಅದು ತಮ್ಮ ಮಕ್ಕಳ ವಿಷಯವೆಂದು ತೋರಿದೆ?

ದಾರಿ ಉಂಟು, ಮನೆಯ ಸಮೀಪದಲ್ಲಿಯೂ ಉಂಟು. ಇಲ್ಲದಿರುವುದು ದಾರಿ ತೋರಿಸುವ ಏರ್ಪಾಡು. ಆ ಏರ್ಪಾಡನ್ನು ಶಾಲೆಯೊಂದೇ ಮಾಡಲಾರದು, ಆಸ್ಪತ್ರೆಯೊಂದೇ ಮಾಡಲಾರದು. ಕಲಿಸುವವರೂ ಕೆಲಸ ಕೊಡುವವರೂ ಕೈ ಜೋಡಿಸಬೇಕು.

ಈ ವಿಚಾರ ಹೊಸದೇನೂ ಅಲ್ಲ. 1964ರಿಂದ 1966ರ ವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವ ಎಲ್ಲ ಶಿಕ್ಷಣದ ಅಂಗವಾಗಬೇಕೆಂದು ಹೇಳಿತ್ತು. ಕರ್ನಾಟಕದಲ್ಲಿ 1970ರ ದಶಕದ ಕೊನೆಯ ವೇಳೆಗೆ ಪದವಿಪೂರ್ವ ಹಂತದಲ್ಲಿ ಉದ್ಯೋಗಾಧಾರಿತ ಕೋರ್ಸುಗಳು ಆರಂಭವಾದವು. ಜೆ.ಒ.ಸಿ. ಎಂಬ ಮೂರಕ್ಷರದಿಂದ ಹೆಸರಾದ ಅವು ಹಲವು ವರ್ಷ ನಡೆದು ನಿಂತುಹೋದವು. ‘ಓದಲಾರದವರ ಓದು’ ಎಂದು ಸಮಾಜ ಅವನ್ನು ಬದಿಗಿರಿಸಿದ್ದೂ ಅವುಗಳ ದುರ್ದೈವದ ಒಂದು ಭಾಗ. 2013ರ ಡಿಸೆಂಬರ್ ತಿಂಗಳಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಪ್ರಕಟವಾದಮೇಲೆ ವೃತ್ತಿ ವಿಷಯಗಳು ಪ್ರೌಢಶಾಲೆಗೆ ಮರಳಿ ಕಾಲಿರಿಸಿದವು. ಕೇಂದ್ರ ಮಂಡಳಿಯ ಶಾಲೆಗಳಲ್ಲಿ ಇಚ್ಛೆಯುಳ್ಳವರು ಆರಿಸಿಕೊಳ್ಳಬಹುದಾದ ವಿಷಯಗಳಲ್ಲಿ ಆರೋಗ್ಯ ಸೇವೆಯೂ ಒಂದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿತು. ಆ ದಿನಗಳಲ್ಲಿ ಮಕ್ಕಳು ಬಡಗಿ, ತೋಟಗಾರ, ಕುಂಬಾರ, ಕಲಾವಿದ ಮೊದಲಾದವರ ಬಳಿ ಕಲಿಯಬೇಕೆಂಬುದು ಅದರ ಆಶಯ. ಆ ಸಾಲಿನಲ್ಲಿ ದಾದಿಯ ಹೆಸರಿಲ್ಲ. ಆದರೆ ‘ಮೊದಲಾದವರು’ ಎಂಬ ಮಾತಿನೊಳಗೆ ಅವಳನ್ನು ಕುಳ್ಳಿರಿಸಲು ಅಡ್ಡಿಯೇನು? ರಾಜ್ಯ ಸರ್ಕಾರ 2023ರಲ್ಲಿ ತನ್ನದೇ ಶಿಕ್ಷಣ ನೀತಿಗಾಗಿ ಆಯೋಗವೊಂದನ್ನು ನೇಮಿಸಿತು. ನೀತಿ ಯಾರದಾದರೂ ಆಗಲಿ, ಮಕ್ಕಳಿಗೆ ಕೆಲಸದ ಲೋಕವನ್ನು ತೋರಿಸಕೂಡದೆಂದು ಯಾರೂ ಹೇಳಲಾರರು.

ಹೊರದೇಶಗಳಲ್ಲಿ ಇಂತಹ ಜೊತೆಗಾರಿಕೆ ಬಹಳ ಮುಂದುವರಿದಿದೆ. ಇಂಗ್ಲೆಂಡಿನಲ್ಲಿ 2021ರಿಂದ ಹದಿನಾರು ದಾಟಿದ ಮಕ್ಕಳು ಆರೋಗ್ಯ ವಿಷಯದ ‘ಟಿ ಲೆವೆಲ್’ ಶಿಕ್ಷಣವನ್ನು ಪಡೆಯಬಹುದಾಗಿದ್ದು, ಕನಿಷ್ಠ 315 ಗಂಟೆಗಳನ್ನು ನಿಜವಾದ ಕೆಲಸದ ಸ್ಥಳದಲ್ಲಿ ಕಳೆಯಬೇಕೆಂಬುದು ಅದರ ನಿಯಮವಾಯಿತು. ಅಮೆರಿಕದಲ್ಲಿ 2024ರ ಜನವರಿ ತಿಂಗಳಲ್ಲಿ ಬ್ಲೂಮ್‌ಬರ್ಗ್ ದತ್ತಿಸಂಸ್ಥೆ 25 ಕೋಟಿ ಡಾಲರುಗಳನ್ನು ಪ್ರಕಟಿಸಿತು. ಹತ್ತು ಊರು ಸೀಮೆಗಳಲ್ಲಿ ಪ್ರೌಢಶಾಲೆಗಳನ್ನೂ ಆಸ್ಪತ್ರೆಗಳನ್ನೂ ಜೋಡಿಸಿ, ಓದು ಮುಗಿಸಿದವರು ನೇರವಾಗಿ ಉದ್ಯೋಗಕ್ಕೆ ಹೋಗುವಂತೆ ಮಾಡುವುದು ಅದರ ಉದ್ದೇಶ. ಅಲ್ಲಿನ ಹಣ ಇಲ್ಲಿಲ್ಲ, ನಿಜ. ಆದರೆ ಆರಂಭಕ್ಕೆ ಬೇಕಾಗಿರುವುದು ಹಣಕ್ಕಿಂತ ಹೆಚ್ಚಾಗಿ ಮನಸ್ಸು.

ಅಂತಹ ಮನಸ್ಸಿನ ಉದಾಹರಣೆಗಳು ಈ ಊರಿನಲ್ಲಿಯೇ ಇವೆ. ನಿಮ್ಹಾನ್ಸ್ ಆವರಣದಲ್ಲಿ ಡಾ. ಎಸ್.ಕೆ. ಶಂಕರ್ ಅವರ ಶ್ರಮದಿಂದ ರೂಪುಗೊಂಡ ಮಿದುಳಿನ ವಸ್ತುಸಂಗ್ರಹಾಲಯವಿದೆ. ಆರೋಗ್ಯವಂತ ಮಿದುಳುಗಳನ್ನೂ ರೋಗಕ್ಕೆ ತುತ್ತಾದ ಮಿದುಳುಗಳನ್ನೂ ಅಲ್ಲಿ ಸಂರಕ್ಷಿಸಿ ಇಡಲಾಗಿದ್ದು, ಬಂದವರು ನಿಜವಾದ ಮಾನವ ಮಿದುಳನ್ನು ಕೈಯಿಂದ ಮುಟ್ಟಿ ನೋಡುವ ಅವಕಾಶವೂ ಉಂಟು. ಪುಸ್ತಕದ ಚಿತ್ರ ನೂರು ಸಲ ಹೇಳಲಾರದ್ದನ್ನು ಆ ಒಂದು ಸ್ಪರ್ಶ ಹೇಳುತ್ತದೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿ, ವಿದ್ವಾಂಸರ ಉಪನ್ಯಾಸಗಳನ್ನು ಸಾಮಾನ್ಯರ ಬಾಗಿಲಿಗೆ ತಂದರು. ಈ ಎರಡು ಕೆಲಸಗಳಿಂದಲೂ ಶಾಲೆಗಳು ಕಲಿಯಬೇಕಾದ ಪಾಠ ಒಂದೇ: ತಿಳಿದವರು ಬಾಗಿಲು ತೆರೆದರೆ ತಿಳಿಯಬೇಕೆನ್ನುವವರು ಬರುತ್ತಾರೆ.

ಏರ್ಪಾಡು ಹೇಗಿರಬೇಕು? ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಕರೆದೊಯ್ದು, ಹೆಬ್ಬಾಗಿಲಿನಲ್ಲಿ ಛಾಯಾಚಿತ್ರ ತೆಗೆಸಿ, ಲಡ್ಡು ಹಂಚಿ ಹಿಂತಿರುಗಿದರೆ ಅದು ಪ್ರವಾಸವೇ ಹೊರತು ಪರಿಚಯವಲ್ಲ. ಒಂದು ಶಾಲೆ, ಹತ್ತಿರದ ಒಂದು ಆಸ್ಪತ್ರೆ, ಇಬ್ಬರ ನಡುವೆ ಬರಹದಲ್ಲಿ ಒಂದು ಒಪ್ಪಂದ. ಎಂಟನೆಯ ತರಗತಿಯಲ್ಲಿ ದಾದಿಯರೂ ತಂತ್ರಜ್ಞರೂ ಶಾಲೆಗೇ ಬಂದು ತಮ್ಮ ಒಂದು ದಿನದ ಕೆಲಸವನ್ನು ವಿವರಿಸಲಿ. ಒಂಬತ್ತನೆಯದರಲ್ಲಿ ಪ್ರಥಮ ಚಿಕಿತ್ಸೆಯನ್ನು ಕೈಯಾರೆ ಕಲಿಸಲಿ. ಹತ್ತರ ನಂತರದ ರಜೆಯಲ್ಲಿ, ಬಯಸಿದವರು ಮಾತ್ರ, ನಾಲ್ಕಾರು ದಿನ ಪ್ರಯೋಗಾಲಯ, ಔಷಧಾಲಯ, ದಾಖಲೆಗಳ ಕೋಣೆ, ಅಡಿಗೆಮನೆ ಇವುಗಳಲ್ಲಿ ಒಬ್ಬ ಹಿರಿಯರ ಜೊತೆಗಿದ್ದು ನೋಡಲಿ. ಶಾಲೆಯ ಒಬ್ಬ ಉಪಾಧ್ಯಾಯರೂ ಆಸ್ಪತ್ರೆಯ ಒಬ್ಬ ಅಧಿಕಾರಿಯೂ ಇದಕ್ಕೆ ಹೊಣೆಯಾಗಲಿ. ಹೊಣೆ ಎಲ್ಲರದಾದರೆ ಅದು ಯಾರದೂ ಆಗುವುದಿಲ್ಲ.

ಎಚ್ಚರಿಕೆಯ ಮಾತುಗಳೂ ಇವೆ. ಆಸ್ಪತ್ರೆ ಪ್ರದರ್ಶನಶಾಲೆಯಲ್ಲ. ಹಾಸಿಗೆಯಲ್ಲಿ ಮಲಗಿದವನು ಯಾರದೋ ತಂದೆ, ಯಾರದೋ ಮಗ; ಅವನ ನೋವು ಪಾಠದ ಸಾಮಗ್ರಿಯಾಗಕೂಡದು. ಅವನ ಒಪ್ಪಿಗೆಯಿಲ್ಲದೆ ಮಕ್ಕಳು ಬಳಿಗೆ ಹೋಗಬಾರದು; ಅಲ್ಲಿ ಕಂಡ ಹೆಸರನ್ನು ಹೊರಗೆ ಆಡಬಾರದು; ಕೈಯಲ್ಲಿರುವ ಫೋನು ಬಾಗಿಲಿನಲ್ಲಿಯೇ ಉಳಿಯಬೇಕು. ಎರಡನೆಯದಾಗಿ, ಕಲಿಕೆಯ ಹೆಸರಿನಲ್ಲಿ ಮಕ್ಕಳಿಂದ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುವುದು ಅನ್ಯಾಯ. ಹದಿನಾಲ್ಕರೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನೂ ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ನಿಲ್ಲಿಸುವುದನ್ನೂ 2016ರಲ್ಲಿ ತಿದ್ದುಪಡಿಯಾದ ಕಾನೂನು ನಿಷೇಧಿಸಿದೆ. ಮೂರನೆಯದಾಗಿ, ಬಂದವರು ಸಿಹಿಯನ್ನಷ್ಟೇ ಹೇಳಬಾರದು. ರಾತ್ರಿಯ ಪಾಳಿ, ನಿಂತು ನಿಂತು ಸೋಲುವ ಕಾಲುಗಳು, ಆರಂಭದ ದಿನಗಳ ಅಲ್ಪ ಸಂಬಳ, ಕಣ್ಣೆದುರಿನ ಸಾವು ಇವುಗಳ ಮಾತನ್ನೂ ಆಡಬೇಕು. ಕಷ್ಟವನ್ನು ತಿಳಿದು ಬರುವವನು ನಿಲ್ಲುತ್ತಾನೆ. ಬಣ್ಣದ ಮಾತಿಗೆ ಮರುಳಾಗಿ ಬಂದವನು ಓಡುತ್ತಾನೆ.

ಹಾಗೆ ನೋಡಿಬಂದ ಹುಡುಗನೊಬ್ಬ, ‘ಇದು ನನ್ನಿಂದಾಗದಮ್ಮ’ ಎಂದು ಮನೆಯಲ್ಲಿ ಹೇಳಿದರೂ ಏರ್ಪಾಡು ಸೋತಂತಲ್ಲ. ಹದಿನೈದನೆಯ ವಯಸ್ಸಿನಲ್ಲಿ ನಾಲ್ಕು ದಿನ ಕಳೆದು ತಿಳಿದುಕೊಂಡದ್ದು, ಇಪ್ಪತ್ತೆರಡರಲ್ಲಿ ನಾಲ್ಕು ವರ್ಷ ಕಳೆದು ತಿಳಿಯುವುದಕ್ಕಿಂತ ಎಷ್ಟೋ ಮೇಲು.

ಉಳಿದದ್ದು ಮನೆಯ ಪಾಲು. ಮಗಳು ದಾದಿಯಾಗುತ್ತೇನೆಂದರೆ ‘ನೆಂಟರಿಷ್ಟರು ಏನೆಂದಾರು?’ ಎಂಬ ಅಳುಕು ಇಂದಿಗೂ ಅಳಿದಿಲ್ಲ. ಅದೇ ನೆಂಟರು ಕಾಯಿಲೆ ಬಿದ್ದಾಗ ಇರುಳಿಡೀ ಕಾದು, ಹೊತ್ತುಹೊತ್ತಿಗೆ ಮದ್ದು ಕೊಟ್ಟು, ಬೆಳಿಗ್ಗೆ ‘ಹೇಗಿದ್ದೀರಿ ಅಜ್ಜ?’ ಎಂದು ಕೇಳಿದವಳ ಕೈಯನ್ನು ಹಿಡಿದು ಕಣ್ಣೀರು ತಂದುಕೊಳ್ಳುತ್ತಾರೆ. ಹಾಸಿಗೆಯಲ್ಲಿದ್ದಾಗ ದೇವತೆಯಾದವಳು, ಮನೆಗೆ ಬಂದಮೇಲೆ ಮಗಳಿಗೆ ಮಾದರಿಯಾಗಬಾರದೇ? ಈ ಪ್ರಶ್ನೆಗೆ ಉತ್ತರವನ್ನು ಶಾಲೆ ಕೊಡಲಾರದು, ಆಸ್ಪತ್ರೆಯೂ ಕೊಡಲಾರದು. ಊಟದ ಮನೆಯಲ್ಲಿ ಕುಳಿತ ತಾಯಿತಂದೆಗಳೇ ಕೊಡಬೇಕು.

ಆರ್.ವಿ. ರಸ್ತೆಯಿಂದ ಜಯದೇವ ಆಸ್ಪತ್ರೆ ಎರಡನೆಯ ನಿಲ್ದಾಣ. ರೈಲಿಗೆ ಅದು ಕೆಲವೇ ನಿಮಿಷದ ದಾರಿ. ಶಾಲೆಯಿಂದ ಆಸ್ಪತ್ರೆಯ ಒಳಗಿನ ಬದುಕಿಗೆ ಇರುವ ದೂರವನ್ನು ಮಾತ್ರ ಯಾವ ರೈಲೂ ಕಡಿಮೆ ಮಾಡಲಾರದು. ಮುಂದಿನ ಸಲ ಮಗಳು ‘ಆಸ್ಪತ್ರೆಯ ಕೆಲಸ ಇಷ್ಟ’ ಎಂದಾಗ ತರಬೇತಿ ಕೇಂದ್ರದ ವಿಳಾಸವನ್ನು ಹುಡುಕುವ ಮೊದಲು, ‘ಯಾವ ಕೆಲಸವಮ್ಮ? ನೋಡಿಕೊಂಡು ಬರೋಣವೇ?’ ಎಂದು ತಂದೆ ಕೇಳಿದರೆ ಆ ದೂರ ಅಂದಿನಿಂದಲೇ ಕಡಿಮೆಯಾಗತೊಡಗುತ್ತದೆ.