ಬೆರಳ ತುದಿಯ ಹನಿ ತೀರ್ಪಲ್ಲ

ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ‘ಸಕ್ಕರಿ ಬ್ಯಾನಿ’ ಎಂದರೆ ಏನೆಂದು ಈಗ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 30 ದಾಟಿದವರೆಲ್ಲರ ರಕ್ತದ ಸಕ್ಕರೆ ನೋಡಬೇಕೆಂಬುದು ಸರ್ಕಾರದ ಕಾರ್ಯಕ್ರಮ. ಅದಕ್ಕಾಗಿ ಬೆರಳು ಚುಚ್ಚಿ ನೋಡುವುದು ಆಗಲೇಬೇಕಾದ ಕೆಲಸ. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ, 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ಆದರೆ ಬೆರಳಿನ ಹನಿ ಹೇಳುವುದು ಅನುಮಾನವನ್ನಷ್ಟೇ. ಆ ಒಂದು ಅಂಕಿ ನೋಡಿ ಒಬ್ಬರನ್ನು ಜೀವನಪರ್ಯಂತ ರೋಗಿ ಮಾಡುವುದೂ ತಪ್ಪು, ಇನ್ನೊಬ್ಬರನ್ನು ‘ಏನಿಲ್ಲ, ಹೋಗ್ರಿ’ ಎಂದು ಕಳಿಸುವುದೂ ತಪ್ಪು.

ಬೆಲ್ಲ ಮುರಿದ, ಮಾವಿನಹಣ್ಣು ಸುಲಿದ ಕೈಯನ್ನು ತೊಳೆಯದೆ ಚುಚ್ಚಿದರೆ ಚರ್ಮಕ್ಕಂಟಿದ ಸಿಹಿಯೇ ಹನಿಯಲ್ಲಿ ಕಲೆತು ಅಂಕಿ ಏರುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದು. ನೀರಿನಲ್ಲಿ ತೊಳೆದು ಒರೆಸಬೇಕು. ದುಡಿದು ಜಡ್ಡುಗಟ್ಟಿದ ಬೆರಳಲ್ಲಿ ಹನಿ ಬಾರದೆಂದು ಜೋರಾಗಿ ಹಿಂಡಿದರೂ ಲೆಕ್ಕ ಕೆಡಬಹುದು. ಆದ್ದರಿಂದಲೇ ತೀರ್ಮಾನಕ್ಕೆ ತೋಳಿನ ರಕ್ತನಾಳದ ರಕ್ತ ಬೇಕು. ಕನಿಷ್ಠ 8 ಗಂಟೆ ಹೊಟ್ಟೆ ಖಾಲಿ ಇಟ್ಟು ಕೊಟ್ಟ ರಕ್ತದಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ, 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆಯ ನಂತರ 200, ಇಲ್ಲವೇ ಎರಡು-ಮೂರು ತಿಂಗಳ ಸರಾಸರಿ ತೋರುವ ಎಚ್‌ಬಿಎ1ಸಿ ಶೇ 6.5. ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಮಧುಮೇಹವೆಂದೇ ಲೆಕ್ಕ. ಆದರೆ ಬಾಯಾರಿಕೆ, ಪದೇಪದೇ ಮೂತ್ರ, ತೂಕ ಇಳಿಯುವುದು ಇಂಥ ಲಕ್ಷಣಗಳಿಲ್ಲದವರಲ್ಲಿ ಎರಡು ಫಲಿತಾಂಶಗಳು ಒಂದೇ ಮಾತು ಹೇಳಬೇಕು.

ಹಾಗೆಂದು ಪ್ರಯೋಗಾಲಯದ್ದೇ ಕೊನೆಯ ಮಾತೂ ಅಲ್ಲ. ಕೊಳವೆಯಲ್ಲಿರುವ ರಕ್ತಕಣಗಳು ಸುಮ್ಮನಿರುವುದಿಲ್ಲ. ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಬಿಸಿಲಿನಲ್ಲಿ ಇನ್ನೂ ಬೇಗ. ಹಳ್ಳಿಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನ ಗದಗ ಮುಟ್ಟುವಷ್ಟರಲ್ಲಿ 135 ಇದ್ದದ್ದು 126ರ ಕೆಳಗಿಳಿದರೆ, ಕಾಯಿಲೆ ಇದ್ದವರಿಗೂ ಇಲ್ಲವೆಂಬ ಚೀಟಿ ಸಿಗುತ್ತದೆ. ಎಚ್‌ಬಿಎ1ಸಿಗೆ ಹೊಟ್ಟೆ ಖಾಲಿ ಇರಬೇಕಿಲ್ಲ, ನಿಜ. ಆದರೆ ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ, ಸಕ್ಕರೆ ಹೆಚ್ಚಿರದಿದ್ದರೂ ಅದು ಏರಿ ತೋರಬಹುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ನೋಡದೆ ಅವರ ಎಚ್‌ಬಿಎ1ಸಿ ಓದುವುದು ಅರ್ಧ ಓದು.

ಉಳ್ಳಾಗಡ್ಡಿ ಕೀಳುವ ದಿನಗಳಲ್ಲಿ ಉಪವಾಸ ಎದ್ದು ಎರಡನೇ ಪರೀಕ್ಷೆಗೆ ಯಾರು ಬರುತ್ತಾರೆ, ಅಲ್ಲೇ ಗುಳಿಗೆ ಕೊಟ್ಟುಬಿಡುವುದು ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಹೆಂಗಸರಿಗೆ ಬಸ್ಸು ಉಚಿತವಾದರೂ ಹೋದ ದಿನದ ಕೂಲಿ ತಿರುಗಿ ಬರುವುದಿಲ್ಲ. ಲಕ್ಷಣಗಳಿದ್ದು, ತೋಳಿನ ರಕ್ತದಲ್ಲಿ ಯಾವ ಹೊತ್ತಿನಲ್ಲಾದರೂ 200 ಮುಟ್ಟಿದರೆ ಕಾಯುವ ಅಗತ್ಯವಿಲ್ಲವೆಂದು ನಿಯಮವೇ ಹೇಳುತ್ತದೆ. ಉಳಿದವರ ಮಾತು ಬೇರೆ. ಕೆಲವು ಸಕ್ಕರೆ ಗುಳಿಗೆಗಳು ಕಾಯಿಲೆಯೇ ಇಲ್ಲದವರ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಹೊತ್ತಿಗೆ ಸರಿಯಾಗಿ ಊಟವಾಗದ ಹೊಲದ ಕೆಲಸದಲ್ಲಿ ಅದು ಸಣ್ಣ ಸಂಗತಿಯಲ್ಲ. ಜನ ಬರಲಾರರು ಎಂಬುದೇ ತೊಂದರೆಯಾದರೆ ಪರೀಕ್ಷೆ ಜನರ ಹತ್ತಿರ ಹೋಗಬೇಕು: ವಾರಕ್ಕೊಂದು ಗೊತ್ತಾದ ದಿನ, ಹೊಲಕ್ಕೆ ಹೋಗುವ ಮುಂಚೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ರಕ್ತ ತೆಗೆದು ಅಲ್ಲೇ ಪರೀಕ್ಷಿಸಬೇಕು. ಮೈಯಲ್ಲಿ ಏನೂ ತೊಂದರೆಯಿಲ್ಲ, ಮೂತ್ರಕ್ಕೆ ಇರುವೆ ಮುತ್ತಿದಾಗ ನೋಡೋಣ ಎನ್ನುವವರೂ ಉಂಟು. ರಕ್ತದಲ್ಲಿ ಸಾಮಾನ್ಯವಾಗಿ 180 ದಾಟಿದ ಮೇಲೆಯೇ ಸಕ್ಕರೆ ಮೂತ್ರಕ್ಕೆ ಇಳಿಯುವುದು. ಅಷ್ಟರಲ್ಲಿ ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಪೆಟ್ಟು ಬಿದ್ದಿರಬಹುದು.

ಶಿಬಿರದಿಂದ ತಂದ ಚೀಟಿ ಮನೆಯಲ್ಲಿದ್ದರೆ ಇಂದೇ ತೆಗೆದು ನೋಡಿ. ಅಂಕಿಯ ಪಕ್ಕದಲ್ಲಿ ಬೆರಳಿನ ರಕ್ತವೋ ತೋಳಿನದೋ, ಊಟಕ್ಕೆ ಮುಂಚೆಯೋ ನಂತರವೋ ಬರೆದಿಲ್ಲವೆಂದರೆ ಅದನ್ನು ಹಿಡಿದು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಎರಡನೇ ಪರೀಕ್ಷೆಯ ದಿನ ಬರೆಸಿಕೊಂಡು ಬನ್ನಿ.