ಮುಖವೂ ಹೆಸರೂ

ಸಿಂಧನೂರಿನಿಂದ ನಮ್ಮ ವಾಚಕರೊಬ್ಬರು ಬರೆದ ಕಾಗದವು ಈ ತಿಂಗಳಿನ ಪುಟಕ್ಕೆ ಕಾರಣವಾಗಿದೆ. ಅವರ ತಂದೆಯವರು ಬಳಸಿ ಬಿಟ್ಟ ಎರಡು ಫಿಲ್ಮು ಕ್ಯಾಮರಾಗಳು ಮನೆಯ ಹಳೆಯ ಪೆಟ್ಟಿಗೆಯಲ್ಲಿ ದೊರೆತಿವೆಯಂತೆ. ಒಂದು ಬಡೋದೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಮೂರು. ಇನ್ನೊಂದು ಪೆಂಟಾಕ್ಸ್ ಕೆ-೧೦೦೦. ರವಿವಾರಗಳಲ್ಲಿ ಮಸ್ಕಿ ಲಿಂಗಸುಗೂರುಗಳ ಕಡೆಗೆ ಹೋಗಿ ಜನರ ಭಾವಚಿತ್ರಗಳನ್ನು ತೆಗೆಯಬೇಕೆಂಬ ಹಂಬಲ ಅವರಿಗೆ ಉಂಟಾಗಿದೆ. ಆದರೆ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದ ಮಾತೇ ನಮಗೆ ಮುಖ್ಯವಾಗಿ ಕಂಡಿತು: ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯವರಿದ್ದಾರೆ; ಮತದಾರರ ಚೀಟಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟಿರುವ ಪಟವನ್ನುಳಿದು ಅವರದೊಂದು ಚಿತ್ರವಿಲ್ಲ; ಪಟ ತೆಗೆಸಿಕೊಂಡರೆ ಆಯುಷ್ಯ ತಗ್ಗುವದೆಂದು ಅವರು ಒಲ್ಲೆನೆನ್ನುತ್ತಾರೆ.

ಮೊದಲು ಕ್ಯಾಮರಾಗಳ ವಿಷಯ. ಕ್ಲಿಕ್ ಮೂರು ಎಂಬದು ಒಂದು ಕಾಲಕ್ಕೆ ನಮ್ಮ ಸಾಧಾರಣ ಕುಟುಂಬಗಳಿಗೆ ಬಲು ಪರಿಚಿತವಾಗಿದ್ದ ಡಬ್ಬಿ ಕ್ಯಾಮರಾ. ೧೨೦ನೆಯ ನಮೂನೆಯ ಅಗಲ ಫಿಲ್ಮಿನ ಮೇಲೆ ಹನ್ನೆರಡು ಚೌಕ ಚಿತ್ರಗಳು ಬರುವವು. ಆ ನಮೂನೆಯ ಫಿಲ್ಮು ೧೯೦೧ರಲ್ಲಿ ಹೊರಬಿದ್ದುದು ಇಂದಿಗೂ ತಯಾರಾಗುತ್ತಿರುವದರಿಂದ ಕ್ಯಾಮರಾವನ್ನು ಗುಜರಿಗೆ ಹಾಕುವ ಕಾರಣವಿಲ್ಲ. ಆದರೆ ಇದರ ಮಸೂರವು ಸರಿಯುವದಿಲ್ಲ. ಹತ್ತು ಅಡಿಗಿಂತ ಸಮೀಪಕ್ಕೆ ಹೋದರೆ ಮುಖವು ಮಸುಕಾಗುವದು. ಅಷ್ಟು ದೂರದಿಂದ ಕುಳಿತ ಮನುಷ್ಯನ ಇಡಿಯ ಆಕೃತಿ, ಅವನ ಕಟ್ಟೆ, ಹಿಂದಿನ ಬಾಗಿಲು, ಬಾಗಿಲಿನ ತೋರಣ ಎಲ್ಲವೂ ಬರುವವು. ಮುಖವೊಂದೇ ತುಂಬಿ ಬರಲಾರದು. ಇದನ್ನು ನಾವು ಕೊರತೆಯೆಂದು ಎಣಿಸುವದಿಲ್ಲ. ಅಜ್ಜಿಯನ್ನು ಬಲ್ಲವರು ಆಕೆಯ ಕಟ್ಟೆಯನ್ನೂ ಬಲ್ಲರು. ಮುಂದಿನ ಪೀಳಿಗೆಗೆ ಎರಡೂ ಬೇಕಾಗುವವು.

ಪೆಂಟಾಕ್ಸಿನ ರೀತಿ ಬೇರೆ. ೧೯೭೬ರಿಂದ ೧೯೯೭ರ ವರೆಗೆ ತಯಾರಾದ ಈ ಯಂತ್ರದಲ್ಲಿ ತಾನೇ ನಡೆಯುವದೆಂಬ ಭಾಗವೊಂದೂ ಇಲ್ಲ. ಬೆಳಕನ್ನು ಅಳೆಯುವ ಮುಳ್ಳಿಗೆ ಮಾತ್ರ ಬ್ಯಾಟರಿ ಬೇಕು; ಅದಿಲ್ಲದಿದ್ದರೂ ಉಳಿದುದೆಲ್ಲ ನಡೆಯುವದು. ಇದರೊಡನೆ ಸಾಮಾನ್ಯವಾಗಿ ಬರುವ ೫೦ ಮಿಲಿಮೀಟರಿನ ಮಸೂರದಿಂದ ಮುಖವನ್ನು ತೆಗೆಯುವಾಗ ಐದು ಅಡಿಗಿಂತ ಒಳಗೆ ಬರಬಾರದು. ಬಂದರೆ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿದಂತೆ ಕಾಣುವವು. ಈ ವಿಕಾರಕ್ಕೆ ಮಸೂರವನ್ನು ಬೈದು ಫಲವಿಲ್ಲ. ಅದು ನಿಂತ ದೂರದ ಗುಣ. ಮುಖವೊಂದೇ ಬೇಕೆನ್ನುವವರು ೮೫ರಿಂದ ೧೩೫ ಮಿಲಿಮೀಟರಿನೊಳಗಿನ ಮಸೂರವನ್ನು ಸಂಪಾದಿಸಿಕೊಳ್ಳತಕ್ಕದ್ದು.

ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಕ್ಯಾಮರಾದ ಹಿಂಬಾಗಿಲಿನ ಅಂಚಿಗೆ ಕೂಡಿಸಿದ ಮೆತ್ತೆಯು ಕರಗಿ ಜಿಗುಟಾಗಿರುವದು. ಅಲ್ಲಿಂದ ಬೆಳಕು ಒಳನುಸುಳುವದು. ಮಸೂರದಲ್ಲಿ ಬೂಷ್ಟು ಹಿಡಿದಿರಬಹುದು. ಆದುದರಿಂದ ಮೊದಲನೆಯ ಸುರುಳಿಯನ್ನು ಬೇವಿನ ಗಿಡ, ಓಣಿಯ ಹುಡುಗರು, ಗುಡಿಯ ಗೋಡೆ ಇವುಗಳ ಮೇಲೆ ಮುಗಿಸಿ ನೋಡಬೇಕು. ಅಜ್ಜಿಯವರನ್ನು ಪರೀಕ್ಷೆಗೆ ಗುರಿಮಾಡಬಾರದು; ಆಕೆ ಎರಡನೆಯ ಸಲ ಒಪ್ಪುವರೆಂಬ ಭರವಸೆಯಿಲ್ಲ. ಪೆಟ್ಟಿಗೆಯಲ್ಲಿ ಹಳೆಯ ಇಂದು ಫಿಲ್ಮಿನ ಸುರುಳಿಯೇನಾದರೂ ಸಿಕ್ಕಿದ್ದರೆ ಅದನ್ನು ನೆನಪಿಗಾಗಿ ಇಟ್ಟುಕೊಳ್ಳಿರಿ. ೧೯೬೦ರಲ್ಲಿ ಸ್ಥಾಪಿತವಾದ ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರಖಾನೆ ಮುಚ್ಚಿಹೋಗಿದೆ. ಈಗ ಹೊಸ ಫಿಲ್ಮು ಹೊರದೇಶದಿಂದ ಬರತಕ್ಕದ್ದು, ಬೆಲೆಯೂ ಹಗುರಲ್ಲ.

ಹೀಗಿರುವಾಗ ಕೈಯಲ್ಲಿರುವ ಮೊಬೈಲಿನಲ್ಲಿ ಪುಕ್ಕಟೆಯಾಗಿ ನೂರು ಚಿತ್ರ ತೆಗೆಯಬಹುದಲ್ಲ, ಈ ತೊಂದರೆ ಏಕೆ ಎಂದು ಮನೆಯ ಯಜಮಾನರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನಮಗೆ ತೋರುವ ಉತ್ತರವಿಷ್ಟೆ: ಫಿಲ್ಮಿನಲ್ಲಿ ತೆಗೆದ ಚಿತ್ರವನ್ನು ತೆಗೆದವರೂ ಕೂಡಲೇ ನೋಡಲಾರರು, ತೆಗೆಸಿಕೊಂಡವರೂ ನೋಡಲಾರರು. ತೋರಿಸು, ಅಳಿಸು, ಮತ್ತೊಮ್ಮೆ ತೆಗೆ ಎಂಬ ಗಡಿಬಿಡಿಗೆ ಎಡೆಯಿಲ್ಲ. ಹನ್ನೆರಡೇ ಚಿತ್ರಗಳಿರುವಾಗ ಮನುಷ್ಯನು ಎದುರಿಗಿದ್ದವರನ್ನು ಮೊದಲು ಕಣ್ಣಾರೆ ನೋಡುವನು, ಮಾತನಾಡಿಸುವನು, ಕಾಯುವನು. ಮೊಬೈಲಿನಲ್ಲಿಯೂ ಹೀಗೆ ಕಾಯಬಹುದು, ಕಾಯುವವರು ವಿರಳ.

ಬೆಳಕಿನ ವಿಚಾರವನ್ನು ತುಸು ವಿಸ್ತರಿಸಬೇಕು; ಏಕೆಂದರೆ ನಮ್ಮ ಸೀಮೆಯಲ್ಲಿ ಭಾವಚಿತ್ರಗಳು ಕೆಡುವದು ಇಲ್ಲಿಯೇ. ರಾಯಚೂರು ಜಿಲ್ಲೆಯ ಬಿಸಿಲು ಎಂಥದೆಂಬದನ್ನು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ನಡುಹಗಲಿನಲ್ಲಿ ಬಯಲಿಗೆ ನಿಲ್ಲಿಸಿದರೆ ಕಣ್ಣುಗುಳಿಗಳು ಕತ್ತಲೆಯ ಹೊಂಡಗಳಾಗುವವು. ಮಾಳಿಗೆಯ ಮನೆಗಳ ಬೆಳಕಿಂಡಿಯ ಕೆಳಗೆ ಕುಳ್ಳಿರಿಸಿದರೂ ಅದೇ ಗತಿ, ನೆತ್ತಿಯ ಮೇಲಿನಿಂದ ಬೀಳುವ ಬೆಳಕಾದುದರಿಂದ. ಪಡಸಾಲೆಯಲ್ಲಿ, ತೆರೆದ ಬಾಗಿಲಿನಿಂದ ಮೂರು ನಾಲ್ಕು ಅಡಿ ಒಳಗೆ, ಬಾಗಿಲಿಗೆ ಓರೆಯಾಗಿ ಕುಳ್ಳಿರಿಸಬೇಕು. ಅಂಗಳದ ಬಿಸಿಲು ನೆಲಕ್ಕೆ ಬಡಿದು ಮೃದುವಾಗಿ ಒಳಬರುವದು. ಮುಖದ ಒಂದು ಮಗ್ಗುಲು ಬೆಳಗಿ ಇನ್ನೊಂದು ಮೆಲ್ಲಗೆ ನೆರಳಿಗಿಳಿಯುವದು. ಅಲ್ಲಿ ೪೦೦ರ ವೇಗದ ಫಿಲ್ಮಿಗೆ ಸುಮಾರಾಗಿ ಎಫ್ ೪ ಮತ್ತು ಸೆಕೆಂಡಿನ ಅರವತ್ತನೆಯ ಒಂದು ಪಾಲು ಸಾಕಾಗುವದು. ಕ್ಲಿಕ್ ಮೂರಕ್ಕೆ ಮಾತ್ರ ಈ ಬೆಳಕು ಸಾಲದು; ಅದನ್ನು ಬೆಳಗಿನ ಹೊತ್ತು ಹೊರಗಿನ ಕಟ್ಟೆಯಲ್ಲಿ ಬಳಸತಕ್ಕದ್ದು.

ಇನ್ನೊಂದು ತೊಡಕು. ಬೆಳಕಿನ ಮುಳ್ಳಿಗೆ ಲೋಕವೆಲ್ಲ ನಡುಬೂದು ಬಣ್ಣದ್ದೆಂಬ ನಂಬಿಕೆ. ಬಿಳಿಯ ರುಮಾಲು, ಬಿಳಿಯ ಧೋತರ, ಸುಣ್ಣದ ಗೋಡೆ, ಇವುಗಳ ನಡುವೆ ಬಿಸಿಲುಂಡ ಕಪ್ಪು ಮುಖವಿದ್ದರೆ ಮುಳ್ಳು ಬಿಳುಪಿಗೆ ಮರುಳಾಗಿ ಬೆಳಕನ್ನು ಕಡಿಮೆ ಮಾಡಿಸುವದು. ಆಗ ಧೋತರದ ನೆರಿಗೆಗಳು ಚೆನ್ನಾಗಿ ಬಂದು ಮುಖವು ಮಸಿಯಾಗುವದು. ಹತ್ತಿರ ಹೋಗಿ ಮುಖವೊಂದರಿಂದಲೇ ಅಳತೆ ತೆಗೆದುಕೊಂಡು, ಹಿಂದೆ ಸರಿದು, ಆ ಅಳತೆಯಲ್ಲಿಯೇ ಚಿತ್ರವನ್ನು ತೆಗೆಯಬೇಕು. ಬೆಳಕು ತುಸು ಹೆಚ್ಚಾದರೆ ನೆಗೆಟಿವು ತಾಳಿಕೊಳ್ಳುವದು. ಕಡಿಮೆಯಾದರೆ ಬಾರದ್ದನ್ನು ಆಮೇಲೆ ಯಾರೂ ತರಲಾರರು. ಹಳೆಯ ಸ್ಟುಡಿಯೋ ಪಟಗಳಲ್ಲಿ ನಮ್ಮ ಹಿರಿಯರು ಇದ್ದುದಕ್ಕಿಂತ ಕಪ್ಪಾಗಿ ಕಾಣುವದಕ್ಕೆ ಮಾತ್ರ ಕಾರಣ ಬೇರೊಂದುಂಟು: ಆಗಿನ ಫಲಕಗಳಿಗೆ ಕೆಂಪು ಬಣ್ಣವು ಕಾಣುತ್ತಿರಲಿಲ್ಲವಾದುದರಿಂದ ಕಂದುಮೈಯ ಕಾಂತಿಯು ಅವುಗಳಲ್ಲಿ ಮೂಡುತ್ತಿರಲಿಲ್ಲ. ಈಗಿನ ಸಾಮಾನ್ಯ ಕಪ್ಪು-ಬಿಳುಪು ಫಿಲ್ಮಿಗೆ ಎಲ್ಲ ಬಣ್ಣಗಳೂ ಕಾಣುವವು.

ಇನ್ನು ಅಜ್ಜಿಯವರು ಒಲ್ಲೆನೆಂಬ ವಿಷಯ. ಇದನ್ನು ಬರಿಯ ಮೂಢನಂಬಿಕೆಯೆಂದು ನಗುವದು ನಮಗೆ ಸರಿದೋರದು. ಮನೆಯ ಗೋಡೆಯ ಮೇಲೆ ಆಕೆ ಕಂಡ ಪಟಗಳಿಗೆಲ್ಲ ಹಾರ ಹಾಕಿರುವಾಗ, ಪಟಕ್ಕೂ ಮರಣಕ್ಕೂ ಆಕೆ ಗಂಟುಹಾಕಿದುದು ಸಹಜವೇ. ಅಲ್ಲದೆ ಸಂಕೋಚವೂ ಇರಬಹುದು. ಸಿಂಧನೂರು ಲಿಂಗಸುಗೂರುಗಳು ೧೯೪೮ರ ವರೆಗೆ ಯಾವ ನಿಜಾಮ ಸಂಸ್ಥಾನದಲ್ಲಿದ್ದವೋ ಆ ಸಂಸ್ಥಾನದ ರಾಜಧಾನಿಯಲ್ಲಿಯೇ ಈ ಸಂಕೋಚಕ್ಕೆ ಒಂದು ಉಪಾಯವನ್ನು ಕಂಡುಹಿಡಿದಿದ್ದರು. ಆರನೆಯ ನಿಜಾಮ ಮಹಬೂಬ ಅಲಿಖಾನರ ಆಸ್ಥಾನದ ಛಾಯಾಚಿತ್ರಗಾರರಾಗಿದ್ದ ರಾಜಾ ದೀನದಯಾಳರು (೧೮೪೪–೧೯೦೫) ೧೮೯೨ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಸ್ಟುಡಿಯೋವನ್ನು ತೆರೆದರು. ಅಲ್ಲಿ ಚಿತ್ರ ತೆಗೆಯುವವರು ಕೆನಿ-ಲೆವಿಕ್ ಎಂಬ ಆಂಗ್ಲ ಮಹಿಳೆ, ಗಂಡಸರಿಗೆ ಪ್ರವೇಶವಿಲ್ಲ. ಪರದೆಯ ಹಿಂದಿದ್ದ ಸ್ತ್ರೀಯರು ನಿಶ್ಚಿಂತೆಯಿಂದ ಕ್ಯಾಮರಾದ ಎದುರಿಗೆ ಬರಲೆಂದು ಮಾಡಿದ ಏರ್ಪಾಡು ಅದು. ದೀನದಯಾಳರ ಎರಡೂವರೆ ಸಾವಿರಕ್ಕೆ ಮೇಲ್ಪಟ್ಟ ಗಾಜಿನ ನೆಗೆಟಿವುಗಳು ಇಂದು ದಿಲ್ಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾಕೇಂದ್ರದಲ್ಲಿವೆ. ಅವರ ಜಾಣತನದಲ್ಲಿ ಈ ಸ್ಟುಡಿಯೋದ ಆಲೋಚನೆಯು ಕಡಿಮೆಯದೆಂದು ನಾವು ತಿಳಿಯುವದಿಲ್ಲ.

ನಮ್ಮ ವಾಚಕರಿಗೆ ತಂಗಿಯೋ ಮಗಳೋ ಇದ್ದರೆ ಕ್ಯಾಮರಾವನ್ನು ಆಕೆಯ ಕೈಗೆ ಕೊಡಲಿ. ಅಳತೆಗಳನ್ನು ತಾವು ಮೊದಲೇ ಹೊಂದಿಸಿಟ್ಟು ಹೊರಗೆ ಹೋಗಲಿ. ಅಜ್ಜಿ ಜೋಳ ಹಸನು ಮಾಡುತ್ತಲೋ ಬತ್ತಿ ಹೊಸೆಯುತ್ತಲೋ ಇರುವಾಗ ಮೊಮ್ಮಗಳು ಎದುರಿಗೆ ಕುಳಿತು ತವರೂರಿನ ಮಾತನ್ನು ಎತ್ತಲಿ. ಕೈಗಳಿಗೆ ಕೆಲಸವಿದ್ದರೆ ಮುಖಕ್ಕೆ ಬಿಗುಪು ಬಾರದು. ಆದರೆ ಕದ್ದು ತೆಗೆಯಬಾರದು. ಕ್ಯಾಮರಾ ಆಕೆಯ ಕಣ್ಣೆದುರಿಗೆ ನಾಲ್ಕಾರು ದಿನ ಸುಮ್ಮನೆ ಇದ್ದು ಹಳೆಯದಾಗಲಿ. ಬೇಕಾದರೆ ಅಜ್ಜಿಯೇ ಅದರೊಳಗೆ ಇಣಿಕಿ ಮೊಮ್ಮಗಳನ್ನು ನೋಡಲಿ. ಅಷ್ಟಾದ ಮೇಲೂ ಬೇಡವೆಂದರೆ ಬೇಡವೇ. ಆಕೆಯ ಮುಖ ಆಕೆಯದು. ನಮ್ಮ ಗೋಡೆಗೆ ಅದರ ಮೇಲೆ ಹಕ್ಕಿಲ್ಲ.

ಈ ಕೊನೆಯ ಮಾತು ಮನೆಯ ಹೊರಗೂ ಸಲ್ಲುವದು. ಲಿಂಗಸುಗೂರು ೧೯೦೫ರ ವರೆಗೆ ತಾನೇ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಅದರ ಉತ್ತರಕ್ಕಿರುವ ಸುರಪುರದ ಆಡಳಿತವನ್ನು ಕೆಲಕಾಲ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬನ ಹೆಸರು ಆ ಕಡೆಯವರಿಗೆ ಗೊತ್ತು. ೧೮೬೮ರಿಂದ ೧೮೭೫ರ ವರೆಗೆ ಲಂಡನ್ನಿನಲ್ಲಿ ಎಂಟು ಸಂಪುಟಗಳಾಗಿ ಪ್ರಕಟವಾದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಭಾವಚಿತ್ರಗಳ ಗ್ರಂಥಕ್ಕೆ ವಿವರಣೆ ಬರೆದವರಲ್ಲಿ ಅವನೂ ಒಬ್ಬನು. ಛಾಯಾಚಿತ್ರದ ಇತಿಹಾಸದಲ್ಲಿ ಅದು ಹೆಸರಾದ ಪುಸ್ತಕ. ಆದರೂ ಅದನ್ನು ತಿರುವಿ ಹಾಕಿದರೆ ಮನಸ್ಸಿಗೆ ಕಸಿವಿಸಿಯಾಗುವದು. ಬಹುಪಾಲು ಮುಖಗಳ ಕೆಳಗೆ ಇಂಥ ಜಾತಿ, ಇಂಥ ಬುಡಕಟ್ಟು ಎಂದಿದೆಯೇ ಹೊರತು ಮನುಷ್ಯನ ಹೆಸರಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುವವರನ್ನೋ ಮುದಗಲ್ಲಿನ ಕೋಟೆಯ ನೆರಳಿನಲ್ಲಿ ಕುಳಿತ ಮುದುಕರನ್ನೋ ನಮ್ಮ ವಾಚಕರು ಚಿತ್ರಿಸಿ, ಕೆಳಗೆ 'ಗಣಿಯ ಕೂಲಿ', 'ಹಳ್ಳಿಯ ಮುದುಕ' ಎಂದು ಬರೆದರೆ, ನೂರೈವತ್ತು ವರುಷಗಳ ಮೇಲೆಯೂ ಆ ಸಾಹೇಬರ ದಾರಿಯನ್ನೇ ತುಳಿದಂತಾಗುವದು.

ಹೆಸರಿನ ಬೆಲೆಯನ್ನು ಮಸ್ಕಿಯಲ್ಲಿ ಕಲ್ಲೇ ಹೇಳುತ್ತಿದೆ. ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಅಲ್ಲಿಯ ಬಂಡೆಯೊಂದರ ಮೇಲೆ ಬ್ರಾಹ್ಮೀ ಬರಹವನ್ನು ಕಂಡನು. ಅಲ್ಲಿಯ ವರೆಗೆ ದೊರೆತ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಿದ್ದವೇ ಹೊರತು ದೊರೆಯ ಹೆಸರಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ಇದ್ದಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಲು, ವಿದ್ವಾಂಸರ ಊಹೆಯು ನಿಶ್ಚಯವಾಯಿತು. ಆ ದೊರೆಯ ಮುಖ? ಅದೂ ನಮ್ಮ ಕಡೆಯೇ ಸಿಕ್ಕಿದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ಅಗೆದಾಗ, ಪರಿವಾರದೊಡನೆ ನಿಂತ ಅರಸನ ಉಬ್ಬುಶಿಲ್ಪವೊಂದು ಹೊರಬಂದಿತು. ಅದರ ಮೇಲೆ 'ರಾಯೋ ಅಸೋಕೋ' ಎಂದು ಕೆತ್ತಿದೆ. ಅದನ್ನು ಕಡೆದ ಶಿಲ್ಪಿಯು ಅಶೋಕನನ್ನು ಕಂಡವನಲ್ಲ, ಬಹುಕಾಲದ ಮೇಲೆ ಬಂದವನು. ಹೋಲಿಕೆ ಎಷ್ಟು ನಿಜವೋ ದೇವರೇ ಬಲ್ಲ. ಆ ಎರಡು ಶಬ್ದಗಳು ಇರದಿದ್ದರೆ ಅವನು ಯಾವನೋ ಒಬ್ಬ ಅರಸನಾಗಿ ಉಳಿಯುತ್ತಿದ್ದನು.

ಸಿಂಧನೂರಿನ ಸುತ್ತಲೇ ಇನ್ನೊಂದು ಕೆಲಸ ಕಾದಿದೆ. ೧೯೭೦ರ ಸುಮಾರಿಗೆ ಪೂರ್ವಬಂಗಾಲದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ಅಲ್ಲಿಯ ಕ್ಯಾಂಪುಗಳಲ್ಲಿ ನೆಲೆಸಿವೆ. ಊರು ಬಿಟ್ಟು ಬಂದ ಹಿರಿಯರಲ್ಲಿ ಇನ್ನೂ ಇರುವವರು ಈಗ ಬಹಳ ವೃದ್ಧರು. ಅವರ ತಾಯ್ತಂದೆಗಳ ಪಟಗಳು ಎಷ್ಟು ಮನೆಗಳಲ್ಲಿ ಉಳಿದಿವೆಯೆಂದು ಕೇಳಿ ನೋಡಬಹುದು. ಅವರು ಒಪ್ಪಿದರೆ ಅವರ ಮೊಮ್ಮಕ್ಕಳಿಗಾಗಿ ಒಂದೊಂದು ಚಿತ್ರ ತೆಗೆದುಕೊಡಬಹುದು.

ತೊಳೆಯುವ ವಿಷಯ ಚಿಕ್ಕದು. ಬಣ್ಣದ ಫಿಲ್ಮನ್ನು ದೊಡ್ಡ ಊರಿನ ಪ್ರಯೋಗಶಾಲೆಗೆ ಟಪಾಲಿನಲ್ಲಿ ಕಳಿಸುವದೇ ಲೇಸು. ಕಪ್ಪು-ಬಿಳುಪನ್ನು ಮನೆಯಲ್ಲಿಯೇ ತೊಳೆಯಬಹುದು. ದ್ರಾವಣಗಳ ಕಾಲಮಾನವನ್ನು ೨೦ ಡಿಗ್ರಿ ಸೆಲ್ಸಿಯಸ್ಸಿಗೆ ಬರೆದಿರುವರು. ಬೇಸಿಗೆಯಲ್ಲಿ ನಲ್ಲಿಯ ನೀರಿಗೆ ಆ ತಂಪು ಎಲ್ಲಿಯದು! ಹಿಂದಿನ ರಾತ್ರಿಯೇ ಮಣ್ಣಿನ ಗಡಿಗೆಯಲ್ಲಿ ನೀರಿಟ್ಟು, ಸಾಲದಿದ್ದರೆ ಸುತ್ತಲೂ ಮಂಜುಗಡ್ಡೆ ಇಟ್ಟುಕೊಳ್ಳಬೇಕು. ೨೪ ಡಿಗ್ರಿಗೆ ನಿಂತರೆ ಕಾಲವನ್ನು ಕಾಲುಪಾಲಿನಿಂದ ಮೂರನೆಯ ಒಂದು ಪಾಲಿನಷ್ಟು ತಗ್ಗಿಸಿದರಾಯಿತು. ಡೆವಲಪರು, ಹೈಪೋ, ತೊಳೆಯುವ ನೀರು ಮೂರೂ ಒಂದೇ ತಂಪಿನಲ್ಲಿರಲಿ. ಒಮ್ಮೆ ತಣ್ಣಗೆ ಒಮ್ಮೆ ಬಿಸಿಯಾದರೆ ಫಿಲ್ಮಿನ ಮೇಲಿನ ಲೇಪವು ಸುಕ್ಕುಗಟ್ಟುವದು. ಬೋರಿನ ನೀರು ಗಡುಸಾಗಿದ್ದರೆ ಒಣಗಿದ ಮೇಲೆ ಬಿಳಿಯ ಕಲೆ ಉಳಿಯುವದರಿಂದ ಕಡೆಯ ಅದ್ದಿಗೆ ಬಟ್ಟಿ ಇಳಿಸಿದ ನೀರನ್ನೇ ಬಳಸಿರಿ.

ಪ್ರತಿಯೊಂದು ಭಾವಚಿತ್ರದ ಎರಡು ಪ್ರತಿಗಳನ್ನು ಮಾಡಿಸತಕ್ಕದ್ದು. ಮೊದಲನೆಯದು ಕುಳಿತವರಿಗೆ, ಕೇಳುವ ಮೊದಲೇ. ಎರಡನೆಯದು ತಮಗೆ. ಎರಡರ ಬೆನ್ನಿಗೂ ಮೆತ್ತನೆಯ ಪೆನ್ಸಿಲ್ಲಿನಿಂದ, ಒತ್ತದೆ, ಹೆಸರು, ಊರು, ತಾರೀಖು ಬರೆಯಬೇಕು; ಬಾಲ್‌ಪೆನ್ನಿನ ಗುರುತು ಮುಂಭಾಗಕ್ಕೆ ಉಬ್ಬುವದು. ಹೆಂಗಸರ ಹೆಸರನ್ನು 'ಇಂಥವರ ತಾಯಿ' ಎಂದು ಬರೆದು ಮುಗಿಸುವ ರೂಢಿಯುಂಟು. ಅವರ ಸ್ವಂತ ಹೆಸರನ್ನು ಅವರಿಂದಲೇ ಕೇಳಿ ಬರೆಯಿರಿ. ನೆಗೆಟಿವುಗಳನ್ನು ಕಾಗದದ ಲಕೋಟೆಗಳಲ್ಲಿಟ್ಟು ಗೆದ್ದಲು ಮುಟ್ಟದ ತಗಡಿನ ಟ್ರಂಕಿನಲ್ಲಿ ಇಡುವದು. ಅಡಿಗೆಮನೆಯ ಗೋಡೆಗೆ ತಾಗಿಸಿ ಮಾತ್ರ ಇಡಬೇಡಿರಿ, ಆ ಕಾವು ಫಿಲ್ಮಿಗೆ ಆಗದು.