ಯಾವ ಡಿಸ್ಕು ಬಾಳಿಕೆ ಬಂದೀತು?

ಮನೆಯ ಕಂಪ್ಯೂಟರಿನಲ್ಲಿಯೇ ಹಿರಿಯರ ಹಾಡು-ಕತೆಗಳನ್ನು ಧ್ವನಿಮುದ್ರಿಸಿಕೊಳ್ಳುವ ವಿಷಯವಾಗಿ ಕಳೆದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆವಷ್ಟೆ. ಅದನ್ನೋದಿ ಪತ್ರ ಬರೆದ ವಾಚಕರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: "ಮುದ್ರಿಸಿಕೊಂಡದ್ದಾಯಿತು, ಇನ್ನು ಅದನ್ನು ತುಂಬಿಡಲು ನಂಬಿಕೆಯ ಹಾರ್ಡ್ ಡಿಸ್ಕು ಯಾವುದು? ಒಂದು ಹೆಸರು ಹೇಳಿಬಿಡಿ." ಮೀರಾ ರೋಡಿನ ಸೋದರಿಯೊಬ್ಬರು ಇನ್ನಷ್ಟು ವಿವರವಾಗಿ ಬರೆದಿದ್ದಾರೆ. ಅವರ ಅತ್ತೆಯವರಿಗೆ ಹಸೆಯ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು ಎಲ್ಲ ಸೇರಿ ಎಪ್ಪತ್ತರಷ್ಟು ಬರುತ್ತವಂತೆ. ಅತ್ತೆಯವರಿಗೆ ಈಗ ಎಂಬತ್ತಾರು. ಸೊಸೆಗೆ ಅವುಗಳಲ್ಲಿ ಹತ್ತು ಬರುತ್ತವೆ. ಮೊಮ್ಮಗಳಿಗೆ ಒಂದೂ ಬಾರದು. ಇಂಥ ಹಾಡನ್ನು ಕಳೆದುಕೊಂಡರೆ ಅಂಗಡಿಗೆ ಹೋಗಿ ಇನ್ನೊಂದು ತರುವ ಹಾಗಿಲ್ಲವಾದ್ದರಿಂದ ಈ ಪ್ರಶ್ನೆಗೆ ಸಾವಕಾಶವಾಗಿಯೇ ಉತ್ತರ ಬರೆಯಬೇಕಾಗಿದೆ.

ಹೆಸರು ಹೇಳುವುದೇನೋ ಸುಲಭ. ಇಂದು ಜಗತ್ತಿನಲ್ಲಿ ಹಾರ್ಡ್ ಡಿಸ್ಕು ತಯಾರಿಸುವ ದೊಡ್ಡ ಕಂಪನಿಗಳು ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ. ಅಂಗಡಿಯಲ್ಲಿ ಕಾಣುವ ಬೇರೆ ಹೆಸರಿನ ಡಬ್ಬಿಗಳ ಒಳಗೂ ಸಾಮಾನ್ಯವಾಗಿ ಇವರ ಡಿಸ್ಕೇ ಇರುತ್ತದೆ, ಅಂಗಿ ಮಾತ್ರ ಬೇರೆ. ಜನರ ಕಡತಗಳನ್ನು ಬಾಡಿಗೆಗೆ ಕಾಯ್ದುಕೊಡುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿಯೊಂದು, ತನ್ನಲ್ಲಿ ಓಡುತ್ತಿರುವ ಲಕ್ಷಗಟ್ಟಲೆ ಡಿಸ್ಕುಗಳಲ್ಲಿ ಯಾವ ಮಾದರಿಯವು ಎಷ್ಟು ಕೆಟ್ಟವೆಂಬ ಲೆಕ್ಕವನ್ನು 2013ರಿಂದ ಪ್ರಕಟಿಸುತ್ತ ಬಂದಿದೆ. ಒಟ್ಟಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದೆರಡು ಕೆಡುತ್ತವೆ ಎಂದಿಟ್ಟುಕೊಳ್ಳಬಹುದು. ಅದೇ ಕಂಪನಿಯ ಒಂದು ಮಾದರಿ ಬಂಡೆಯ ಹಾಗೆ ನಿಂತರೆ ಇನ್ನೊಂದು ಬೇಗನೆ ಮುಗ್ಗರಿಸುತ್ತದೆ. ಯಾವುದು ಬಂಡೆ ಎಂದು ತಿಳಿಯಲು ನಾಲ್ಕೈದು ವರ್ಷ ಓಡಿಸಿ ನೋಡಬೇಕು. ಅಷ್ಟರಲ್ಲಿ ಆ ಮಾದರಿ ಅಂಗಡಿಯಿಂದ ಮಾಯವಾಗಿರುತ್ತದೆ. ಹೆಸರಿನ ಮೇಲೆ ಭರವಸೆಯಿಡುವವರ ಪಾಡು ಇಷ್ಟೆ.

ಕೆಡುವ ಮೊದಲು ಸೂಚನೆಯಾದರೂ ಸಿಕ್ಕೀತೆ? ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಏರ್ಪಾಡೊಂದಿದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಆದರೆ 2007ರಲ್ಲಿ ಗೂಗಲ್ ಕಂಪನಿಯ ಇಂಜಿನಿಯರರು ಒಂದು ಲಕ್ಷಕ್ಕೂ ಮೀರಿದ ಡಿಸ್ಕುಗಳ ಚರಿತ್ರೆಯನ್ನು ಪರಿಶೀಲಿಸಿ ನೋಡಿದಾಗ, ಕೆಟ್ಟವುಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವು ಈ ದಾಖಲೆಯಲ್ಲಿ ಯಾವ ದೋಷವನ್ನೂ ತೋರಿಸದೆಯೇ ಕಣ್ಣು ಮುಚ್ಚಿದ್ದವು. ಹಾಗಾಗಲು ಆಶ್ಚರ್ಯವಿಲ್ಲ. ಡಬ್ಬಿಯೊಳಗಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತದೆ. ಅದರ ಮೇಲೆ ಬರೆಯುವ ಓದುವ ಸಣ್ಣ ತಲೆಯೊಂದು ತಟ್ಟೆಯನ್ನು ಮುಟ್ಟದೆ ಗಾಳಿಯಲ್ಲಿ ತೇಲುತ್ತಿರುತ್ತದೆ. ನಡುವಿನ ಸಂದಿ ತಲೆಗೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಒಂದು ಪಾಲಿನಷ್ಟು. ತಿರುಗುತ್ತಿರುವಾಗ ಮೇಜಿನಿಂದ ಬಿದ್ದರೆ ತಲೆ ತಟ್ಟೆಗೆ ಬಡಿಯುತ್ತದೆ. ಅಲ್ಲಿಗೆ ಅಜ್ಜಿಯ ಹಾಡೂ ಮುಗಿಯಿತು. ಇಷ್ಟು ನವುರಾದ ಯಂತ್ರ ವರ್ಷಗಟ್ಟಲೆ ನಡೆಯುವುದೇ ಹೆಚ್ಚಿನ ಸಂಗತಿಯೆಂದು ನಮಗೆ ತೋರುತ್ತದೆ.

ಎಷ್ಟು ದೊಡ್ಡದು ಬೇಕು? ಗುಮಾಸ್ತೆಗಿರಿಯವರಾದ ನಮಗೆ ಲೆಕ್ಕವಿಲ್ಲದೆ ಸಮಾಧಾನವಿಲ್ಲ. ಧ್ವನಿಸಂಗ್ರಹಾಲಯದವರು ಒಪ್ಪುವ ಕನಿಷ್ಠ ಮಟ್ಟ ಸೆಕೆಂಡಿಗೆ 48,000 ಮಾದರಿ, 24 ಬಿಟ್. ಎರಡು ಮೈಕಿನ ಸ್ಟೀರಿಯೋ ಆದರೆ ಸೆಕೆಂಡಿಗೆ 2,88,000 ಬೈಟು, ನಿಮಿಷಕ್ಕೆ 17 ಮೆಗಾಬೈಟಿಗೆ ತುಸು ಹೆಚ್ಚು, ಗಂಟೆಗೆ ಸುಮಾರು ಒಂದು ಗಿಗಾಬೈಟು. ಒಂದೇ ಮೈಕಾದರೆ ಇದರ ಅರ್ಧ. ಮೀರಾ ರೋಡಿನ ಎಪ್ಪತ್ತು ಹಾಡು, ಹಾಡಿಗೆ ಐದು ನಿಮಿಷದಂತೆ, ಆರು ಗಿಗಾಬೈಟಿನಲ್ಲಿ ಮುಗಿಯುತ್ತದೆ. ರಾತ್ರಿಯಿಡೀ ನಡೆಯುವ ಯಕ್ಷಗಾನ ಒಂಬತ್ತು ಹತ್ತು ಗಿಗಾಬೈಟು. ಅಟ್ಟದ ಮೇಲಿನ ತಾಳಮದ್ದಳೆಯ ಅರುವತ್ತು ನಿಮಿಷದ ಕ್ಯಾಸೆಟ್ಟುಗಳು ನೂರಿದ್ದರೂ ನೂರು ಗಿಗಾಬೈಟಿನ ಆಸುಪಾಸು. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಒಂಬೈನೂರು ಗಂಟೆಗೂ ಮೀರಿ ಹಿಡಿಯುವಾಗ, ಎಂಟು ಟೆರಾಬೈಟಿನ ಡಿಸ್ಕು ಕೊಂಡು ಬೀಗುವವರು ಸಂಸಾರವೊಂದಕ್ಕೆ ಛತ್ರ ಕಟ್ಟಿಸಿದ ಹಾಗಾಯಿತು. ಮೊದಲ ಹಾರ್ಡ್ ಡಿಸ್ಕು ಐ.ಬಿ.ಎಂ. ಕಂಪನಿಯಿಂದ ಹೊರಬಂದದ್ದು ಕನ್ನಡನಾಡು ಒಂದುಗೂಡಿದ ಅದೇ 1956ರಲ್ಲಿ. ಎರಡಡಿ ಅಗಲದ ಐವತ್ತು ತಟ್ಟೆಗಳಲ್ಲಿ ಅದು ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ಮೇಲಿನ ಲೆಕ್ಕದಂತೆ ಅದರಲ್ಲಿ ಹಾಡಿನ ಅರ್ಧ ನಿಮಿಷವೂ ಕೂಡುತ್ತಿರಲಿಲ್ಲ!

ಹೆಚ್ಚು ವೇಗದ ಡಿಸ್ಕು ಬೇಕೆಂದು ಅಂಗಡಿಯವರು ಹೇಳಿದರೆ ಕಿವಿಗೊಡಬೇಡಿ. ಮನೆಯ ಧ್ವನಿಮುದ್ರಣಕ್ಕೆ ಬೇಕಾದ ವೇಗದ ನೂರಾರು ಪಟ್ಟು ವೇಗ ಸಾಧಾರಣ 5,400 ಸುತ್ತಿನ ಡಿಸ್ಕಿಗೂ ಇದೆ. 7,200 ಸುತ್ತಿನದು ಹೆಚ್ಚು ಗುಂಯ್‌ಗುಡುತ್ತದೆ. ನಮ್ಮ ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರಗಳಲ್ಲಿ ಮೈಕು ಅದಕ್ಕೆ ಎರಡಡಿ ದೂರದಲ್ಲೇ ಇರುತ್ತದೆ. ಪಂಖ ನಿಲ್ಲಿಸಿ, ಕುಕ್ಕರು ಇಳಿಸಿ, ಲೋಕಲ್ ಗಾಡಿ ದಾಟಿಹೋಗುವ ತನಕ ಕಾದು ಮುದ್ರಿಸಿದ ಹಾಡಿನಲ್ಲಿ ಡಿಸ್ಕಿನ ಶ್ರುತಿ ಸೇರಿಕೊಂಡರೆ ಏನು ಬಂತು? ಆದ್ದರಿಂದ ಮುದ್ರಿಸುವಾಗ ಸದ್ದಿಲ್ಲದ ಎಸ್.ಎಸ್.ಡಿ. ಇರುವ ಲ್ಯಾಪ್‌ಟಾಪು ಒಳ್ಳೆಯದು. ಮುಗಿದ ಮೇಲೆ ಅಂದೇ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಬೇಕು. ಎಸ್.ಎಸ್.ಡಿ.ಯಲ್ಲಿಯೇ ಬಿಟ್ಟರಾಗದೆ ಎಂದು ಕೇಳಬಹುದು. ತಿರುಗುವ ತಟ್ಟೆ ಇಲ್ಲದ್ದರಿಂದ ಅದು ಬಿದ್ದರೂ ತಡೆದೀತು. ಆದರೆ ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿದ್ದರೆ ಅದರೊಳಗಿನ ವಿದ್ಯುದಂಶ ಮೆಲ್ಲಮೆಲ್ಲನೆ ಸೋರಿಹೋಗುವ ಭಯವುಂಟು. ಪೆನ್ ಡ್ರೈವಿಗೂ ಇದೇ ಮಾತು.

ಕೊಳ್ಳಲು ಲ್ಯಾಮಿಂಗ್ಟನ್ ರೋಡಿಗೆ ಹೋಗುವವರಿಗೆ ಕೆಲವು ಸೂಚನೆ. (ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಪೂರ್ವಕ್ಕೆ ಇಳಿದರಾಯಿತು, ಫಲಕದ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗವೆಂದಿದ್ದರೂ ಬಾಯಿಂದ ಬಾಯಿಗೆ ಹಳೆಯ ಹೆಸರೇ ನಡೆಯುತ್ತದೆ.) ಮುದ್ರೆ ಒಡೆಯದ ಪೆಟ್ಟಿಗೆ, ಸೀರಿಯಲ್ ನಂಬರು ಬರೆದ ಪಕ್ಕಾ ಬಿಲ್ಲು, ಇವಿಲ್ಲದೆ ಹಣ ಕೊಡಬೇಡಿ. ಮನೆಗೆ ಬಂದೊಡನೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಬಿಟ್ಟಿ ತಂತ್ರಾಂಶದಲ್ಲಿ ಡಿಸ್ಕು ಎಷ್ಟು ಗಂಟೆ ಓಡಿದೆಯೆಂದು ನೋಡಿ. ಹೊಸದೆಂದು ಕೊಂಡದ್ದು ಸಾವಿರಾರು ಗಂಟೆ ಓಡಿದ್ದರೆ ಅಂದೇ ಹಿಂದಿರುಗಿಸಿ. (ಈ ಲೆಕ್ಕವನ್ನು ತಿದ್ದುವ ಕಳ್ಳರೂ ಇದ್ದಾರೆ, ಹಳೆಯ ಸ್ಕೂಟರಿನ ಮೀಟರು ತಿದ್ದುವುದಿಲ್ಲವೇ?) ಬೀದಿಯಲ್ಲಿಯೂ ಇಂಟರ್ನೆಟ್ಟಿನಲ್ಲಿಯೂ ಚಿಲ್ಲರೆ ಬೆಲೆಗೆ ಹದಿನಾರು ಟೆರಾಬೈಟೆಂದು ಮಾರುವ ಅಂಗೈಯಗಲದ ಡಬ್ಬಿಗಳನ್ನು ಮುಟ್ಟಲೇಬಾರದು. ಒಳಗೆ ಸಣ್ಣದೊಂದು ಮೆಮೊರಿ ಕಾರ್ಡಿದ್ದು, ಅದು ತುಂಬಿದ ಮೇಲೂ ಬರೆದಂತೆ ನಟಿಸುತ್ತದೆ.

ಇನ್ನೊಂದು ಮಾತು. ಈಗಿನ ಹಲವು ಡಿಸ್ಕುಗಳಲ್ಲಿ ಬರಹದ ಸಾಲುಗಳನ್ನು ನಮ್ಮೂರ ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಹೊದಿಸಿರುತ್ತಾರೆ. ಎಸ್.ಎಂ.ಆರ್. ಎಂದು ಅದರ ಹೆಸರು. ಮಧ್ಯದ ಒಂದು ಹೆಂಚು ಬದಲಿಸಲು ಸುತ್ತಲಿನವನ್ನು ಎತ್ತಿಡಬೇಕಲ್ಲ? ಹಾಗೆಯೇ ಇಲ್ಲಿ ಒಮ್ಮೆ ಬರೆದದ್ದನ್ನು ತಿದ್ದಲು ಹೋದರೆ ಬಹಳ ನಿಧಾನ. ಕೆಲವು ಮಾದರಿಗಳನ್ನು ತಯಾರಕರು ಹೀಗೆಂದು ತಿಳಿಸದೆ ಮಾರಿದ್ದು 2020ರಲ್ಲಿ ಬಯಲಾಗಿ ದೊಡ್ಡ ಗಲಾಟೆಯೇ ಆಯಿತು. ಒಮ್ಮೆ ತುಂಬಿ ಕಾಪಾಡುವ ನಮ್ಮ ಕೆಲಸಕ್ಕೆ ಇದರಿಂದ ಬಾಧಕವಿಲ್ಲ. ದಿನವೂ ಕತ್ತರಿಸಿ ಜೋಡಿಸುವವರು ಮಾತ್ರ ವಿಚಾರಿಸಿ ಕೊಳ್ಳಲಿ.

ಮೂರು ವರ್ಷದ ವಾರಂಟಿ ಇದೆಯಲ್ಲ ಎನ್ನುವವರುಂಟು. ಡೊಂಬಿವಲಿಯ ನಮ್ಮ ಸ್ನೇಹಿತರೊಬ್ಬರ ತಂದೆ ಹಳೆಯ ಕಾಲದ ಅರ್ಥಧಾರಿಗಳು. ಮಗ ಅವರನ್ನು ಕೂರಿಸಿಕೊಂಡು ಎರಡು ಮಳೆಗಾಲ ಪ್ರಸಂಗಗಳ ಅರ್ಥ ಹೇಳಿಸಿ ಮುದ್ರಿಸಿದರು. ಒಂದೇ ಡಿಸ್ಕು. ತಂದೆ ತೀರಿಕೊಂಡು ವರ್ಷ ತುಂಬುವ ಮೊದಲೇ ಅದು ಟಕ್ ಟಕ್ ಎನ್ನತೊಡಗಿತು. ವಾರಂಟಿಯಲ್ಲಿ ಹೊಚ್ಚ ಹೊಸ ಡಿಸ್ಕು ಮನೆಗೆ ಬಂತು, ಖಾಲಿ. ವಾರಂಟಿ ಡಬ್ಬಿಗೇ ಹೊರತು ದನಿಗಲ್ಲವಷ್ಟೆ. ಹಳೆಯದನ್ನು ಬಿಚ್ಚಿ ಓದಲು ಯತ್ನಿಸುವವರಿದ್ದಾರೆ. ಅವರು ಕೇಳುವ ಹಣದಲ್ಲಿ ಹಲವು ಹೊಸ ಡಿಸ್ಕು ಬಂದಾವು, ಸಿಕ್ಕೀತೆಂಬ ಭರವಸೆಯೂ ಇಲ್ಲ.

ನಮ್ಮ ಕಚೇರಿಯಲ್ಲಿ ಹತ್ತು ರೂಪಾಯಿಯ ಬಾಬತ್ತಿಗೂ ಆಫೀಸ್ ಕಾಪಿ ಇಡದೆ ಕಾಗದ ಹೊರಡುವುದಿಲ್ಲ. ತಾಯಿಯ ದನಿಗೆ ಮಾತ್ರ ಒಂದೇ ಪ್ರತಿ ಸಾಕೆ? ಆದ್ದರಿಂದ ಒಂದು ದುಬಾರಿ ಡಿಸ್ಕಿನ ಬದಲು ಎರಡು ಸಾಧಾರಣ ಡಿಸ್ಕು ಕೊಳ್ಳಿ. ಬೇರೆ ಬೇರೆ ಕಂಪನಿಯವಾಗಲಿ. ಒಂದೇ ಕಂತಿನಲ್ಲಿ ತಯಾರಾದವು ಒಂದೇ ದೋಷದಿಂದ ಜೊತೆಯಲ್ಲೇ ಕೆಡಬಹುದು. ಅವೆರಡನ್ನೂ ಒಂದೇ ಕಪಾಟಿನಲ್ಲಿಡಲೂಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದುದನ್ನು ಕುರ್ಲಾ, ಕಲೀನಾ ಕಡೆಯ ನೆಲಮಹಡಿಯವರು ಮರೆತಿರಲಾರರು. ಅಂಥ ನೀರಿಗೆ ಕಪಾಟಿನ ಮೇಲಿನ ಹಲಗೆ, ಕೆಳಗಿನ ಹಲಗೆ ಎಂಬ ಭೇದವಿರುವುದಿಲ್ಲ.

ಇಲ್ಲಿ ನಮ್ಮ ಜನಕ್ಕೊಂದು ಅನುಕೂಲವಿದೆ. ಹೊಟ್ಟೆಪಾಡಿಗೆ ಮುಂಬಯಿಗೆ ಬಂದವರು ನಾವು. ನಮ್ಮಲ್ಲಿ ಹೆಚ್ಚಿನವರಿಗೆ ಕುಂದಾಪುರದಲ್ಲಿಯೋ ಕಾರ್ಕಳದಲ್ಲಿಯೋ ಧಾರವಾಡದಲ್ಲಿಯೋ ಅಣ್ಣ, ಭಾವ, ಚಿಕ್ಕಪ್ಪ ಎಂದು ಯಾರದಾದರೊಬ್ಬರ ಮನೆ ಇದ್ದೇ ಇದೆ. ಎರಡನೆಯ ಡಿಸ್ಕು ಅಲ್ಲಿಗೆ ಹೋಗಲಿ. ಮುಂಬಯಿಗೂ ಕುಂದಾಪುರಕ್ಕೂ ಒಂದೇ ದಿನ ಕೇಡು ಬರುವುದು ಅಪರೂಪ. ಹಾಡು ಹುಟ್ಟಿದ ಊರಿನಲ್ಲಿಯೇ ಅದರ ಪ್ರತಿಯೊಂದಿದ್ದರೆ ಅಲ್ಲಿಯವರೂ ಕೇಳಿಯಾರು. ಇಂಟರ್ನೆಟ್ಟಿನ ಬಾಡಿಗೆ ಜಾಗ ಮೂರನೆಯ ಪ್ರತಿಗೆ ಆಗಬಹುದು, ಬಾಡಿಗೆ ತಪ್ಪದೆ ಕಟ್ಟುವವರಿಗೆ. ಪಾಸ್‌ವರ್ಡು ಮನೆಯ ಇಬ್ಬರಿಗಾದರೂ ಗೊತ್ತಿರಲಿ.

ಡಿಸ್ಕನ್ನು ಊರಿಗೆ ಒಯ್ಯುವವರು ಟವಲಿನಲ್ಲಿ ಸುತ್ತಿ ಕೈಚೀಲದಲ್ಲಿಡಿ, ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಬೇಡ. ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಡಬ್ಬಿ, ಅದರೊಳಗೆ ಔಷಧದ ಶೀಷೆಯಲ್ಲಿ ಬರುವಂಥ ಸಿಲಿಕಾ ಪೊಟ್ಟಣ ಇರಲಿ. ಈ ತ್ರೈಮಾಸಿಕ ಕೈಸೇರಿದ ವಾರದಲ್ಲಿ ಒಮ್ಮೆ ಡಿಸ್ಕನ್ನು ಜೋಡಿಸಿ ನಾಲ್ಕು ಹಾಡು ತೆರೆದು ಕೇಳಿ. ಊರಿನ ಭಾವನಿಗೂ ಫೋನು ಮಾಡಿ ಹಾಗೆಯೇ ಮಾಡಿಸಿ. ಐದಾರು ವರ್ಷವಾದ ಡಿಸ್ಕು ಚೆನ್ನಾಗಿಯೇ ಇದ್ದರೂ ಹೊಸದಕ್ಕೆ ನಕಲಾಗಲಿ. ಕಡತಕ್ಕೆ "ಹಾಡು 17" ಎಂದು ಹೆಸರಿಟ್ಟರೆ ನಮ್ಮ ಮಕ್ಕಳಿಗೆ ಏನೂ ತಿಳಿಯದು. ಹಾಡಿದವರು ಯಾರು, ಯಾವ ಊರಿನದು, ಯಾವ ಶಾಸ್ತ್ರದ ಹೊತ್ತಿಗೆ ಹಾಡುವುದು, ಎಂದು ಮುದ್ರಿಸಿದ್ದು, ಇಷ್ಟನ್ನು ಹಾಡಿನ ಆರಂಭದಲ್ಲಿ ನೀವೇ ಬಾಯಿಬಿಟ್ಟು ಹೇಳಿ ಮುದ್ರಿಸಿದರೆ ಇನ್ನೂ ಉತ್ತಮ.

ಅಟ್ಟದ ಮೇಲಿನ ಹಳೆಯ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆಯೆಂದು ಮೂವರು ವಾಚಕರು ಬರೆದಿದ್ದಾರೆ. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ. ಅಲ್ಲಿಯ ತನಕ ದಯವಿಟ್ಟು ಯಾರೂ ಅವುಗಳನ್ನು ಯಂತ್ರಕ್ಕೆ ಹಾಕಿ ತಿರುಗಿಸಬಾರದು.